ತಾಮ್ರವೋ ಪ್ಲಾಸ್ಟಿಕ್ಕೋ ಅಂತ ಕೇಳಿದರೆ ನಾನು ಮೊದಲು ಜಾಯಿಂಟ್ ನೋಡ್ತೀನಿ

ಮನೆಯ ನೀರಿನ ಪೈಪು ಬದಲಾಯಿಸಬೇಕು ಅಂತ ಬಾಯಿಬಿಟ್ಟರೆ ಸಾಕು, ಸುತ್ತಮುತ್ತಲಿನವರು ಎರಡು ಪಕ್ಷ ಆಗಿಬಿಡುತ್ತಾರೆ. ಒಂದು ಪಕ್ಷದ ಪ್ರಕಾರ ತಾಮ್ರ ಬಿಟ್ಟರೆ ಬೇರೆ ಪೈಪೇ ಇಲ್ಲ, ಒಮ್ಮೆ ಹಾಕಿಸಿದರೆ ಮೊಮ್ಮಕ್ಕಳ ಕಾಲದವರೆಗೂ ನಿಶ್ಚಿಂತೆ. ಇನ್ನೊಂದು ಪಕ್ಷಕ್ಕೆ ತಾಮ್ರ ಅಂದರೆ ಸುಮ್ನೆ ದುಡ್ಡು ದಂಡ, ಈ ಕಾಲದಲ್ಲಿ ಯಾರು ಹಾಕಿಸ್ತಾರೆ ಅನ್ನುವ ತಾತ್ಸಾರ. ನಮ್ಮ ಮನೆಯಲ್ಲಿ ಹಳೇ ಪೈಪು ಕಿತ್ತು ಹೊಸದು ಹಾಕಿಸುವ ಕೆಲಸ ಈಗಷ್ಟೇ ಮುಗಿದಿದೆ. ಆ ಗಲಾಟೆಯಲ್ಲಿ ಓದಿದ್ದು, ಕೇಳಿದ್ದು, ಕೈಯಲ್ಲಿ ಹಿಡಿದು ನೋಡಿದ್ದು ಎಲ್ಲ ಮರೆಯುವ ಮುಂಚೆ ಬರೆದಿಡೋಣ ಅನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಇಲ್ಲೇ ಜಗಳ ಶುರು ಮಾಡಬಹುದು. ನೇರವಾಗಿ ಹೋಗುವ ಪೈಪು ನಡುವೆ ಕೈಕೊಡುವುದು ಕಡಿಮೆ. ಸೋರುವುದು ಜಾಸ್ತಿ ಜಾಯಿಂಟ್‌ನಲ್ಲಿ, ಇಲ್ಲವೇ ಜಾಯಿಂಟ್‌ನ ಪಕ್ಕದಲ್ಲಿ. ಪೈಪು ತಿರುಗುವ ಕಡೆಯ ಎಲ್ಬೋ, ಕವಲೊಡೆಯುವ ಕಡೆಯ ಟೀ, ವಾಲ್ವ್ ಕೂರುವ ಜಾಗ, ನಲ್ಲಿಯ ತಿರುಪು ಹೋಗಿ ಸೇರುವ ಜಾಗ. ಹಾಗಾಗಿ ಪೈಪು ಯಾವುದು ಅನ್ನುವುದಕ್ಕಿಂತ, ನಿಮ್ಮ ಮನೆಗೆ ಬರುವ ಕೆಲಸದವರು ಯಾವ ಜಾಯಿಂಟನ್ನು ಚೆನ್ನಾಗಿ ಹಾಕುತ್ತಾರೆ ಅನ್ನುವುದು ದೊಡ್ಡ ವಿಷಯ. ಇದನ್ನು ಬಿಟ್ಟರೆ ಮುಖ್ಯವಾದದ್ದು ಎರಡೇ. ನಿಮ್ಮ ನೀರು ಎಂಥದ್ದು, ಮತ್ತೆ ಪೈಪಿಗೆ ಬಿಸಿ ಎಷ್ಟು ತಾಗುತ್ತದೆ. ಉಳಿದದ್ದೆಲ್ಲ ಆಮೇಲೆ.

ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸಬೇಕು. ತಾಮ್ರ ಅಂದರೆ ತಾಮ್ರ. ಆದರೆ ಪ್ಲಾಸ್ಟಿಕ್ ಅಂದರೆ ಯಾವುದು? ಯುಪಿವಿಸಿ ತಣ್ಣೀರಿಗೆ ಮಾತ್ರ, 60 ಡಿಗ್ರಿ ದಾಟಿದರೆ ಅದರ ಕಥೆ ಮುಗಿಯಿತು. ಸಿಪಿವಿಸಿ ಅಂದರೆ ಅದೇ ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿ ಬಿಸಿ ತಡೆಯುವ ಹಾಗೆ ಮಾಡಿದ್ದು, ಇದನ್ನು ಸಾಲ್ವೆಂಟ್ ಸಿಮೆಂಟ್ ಎಂಬ ಅಂಟು ಹಚ್ಚಿ ಸೇರಿಸುತ್ತಾರೆ. ಪಿಪಿಆರ್ ಪೈಪನ್ನು ಅಂಟಿಸುವುದಿಲ್ಲ, ಬಿಸಿ ಮಾಡಿ ಕರಗಿಸಿ ಸೇರಿಸುತ್ತಾರೆ. ಪೆಕ್ಸ್ ಬಳುಕುವ ಪೈಪು, ಸುರುಳಿಯಲ್ಲಿ ಬರುತ್ತದೆ, ಹಿತ್ತಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಫಿಟ್ಟಿಂಗನ್ನು (ಜೋಡಿಸುವ ತುಂಡನ್ನು) ಪೈಪಿನೊಳಗೆ ತೂರಿಸಿ ಹೊರಗಿನಿಂದ ಉಂಗುರ ಒತ್ತಿ ಬಿಗಿ ಮಾಡುತ್ತಾರೆ. ಪೆಕ್ಸ್ ನಡುವೆ ಅಲ್ಯೂಮಿನಿಯಂ ಪದರ ಇಟ್ಟ ಪೈಪೂ ಉಂಟು. ಇವೆಲ್ಲದರ ಗುಣ ಬೇರೆ, ದೋಷ ಬೇರೆ, ಜಾಯಿಂಟ್ ಬೇರೆ. ಪ್ಲಾಸ್ಟಿಕ್ ಪೈಪು ಹಾಕಿಸಿ ಕೆಟ್ಟೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಪ್ಲಾಸ್ಟಿಕ್ ಅಂತ. ಅರ್ಧ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ.

ಈಗ ತಾಮ್ರ. ನಮ್ಮ ಗೋಡೆಯೊಳಗಿಂದ ತೆಗೆದ ಹಳೇ ತಾಮ್ರದ ತುಂಡೊಂದನ್ನು ಉದ್ದಕ್ಕೆ ಸೀಳಿಸಿ ನೋಡಿದೆ. ನೇರ ಭಾಗದ ಒಳಮೈ ಕಂದು ಬಣ್ಣಕ್ಕೆ ತಿರುಗಿ ನುಣ್ಣಗೆ, ಹೊಸದರಷ್ಟೇ ದಪ್ಪ ಇತ್ತು. ಕೆಟ್ಟಿದ್ದು ಎಲ್ಬೋ ದಾಟಿದ ಮೇಲಿನ ಒಂದು ಗೇಣು ಜಾಗ ಮಾತ್ರ. ಅಲ್ಲಿ ಕುದುರೆ ಲಾಳದ ಆಕಾರದ ಪುಟ್ಟ ಪುಟ್ಟ ಹಳ್ಳಗಳು, ಎಲ್ಲ ನೀರು ಹರಿಯುವ ದಿಕ್ಕಿಗೇ ಕೊರೆದುಕೊಂಡು ಹೋಗಿದ್ದವು, ಅದರಲ್ಲಿ ಒಂದು ಆಚೆ ತನಕ ತೂತಾಗಿ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಕಾರಣ ಅಲ್ಲೇ ಕಾಣುತ್ತಿತ್ತು. ಪೈಪು ಕತ್ತರಿಸಿದಾಗ ಒಳಅಂಚಿನಲ್ಲಿ ಎದ್ದುಕೊಳ್ಳುವ ಚೂಪು ತುದಿಯನ್ನು ಕೆರೆದು ತೆಗೆದೇ ಇರಲಿಲ್ಲ. ವೇಗವಾಗಿ ಬರುವ ನೀರು ಆ ಅಂಚಿಗೆ ಬಡಿದು ಸುಳಿ ಏಳುತ್ತದೆ, ಆ ಸುಳಿ ತಾಮ್ರದ ಮೇಲಿನ ರಕ್ಷಣೆಯ ಪದರವನ್ನು ಮತ್ತೆ ಮತ್ತೆ ಕಿತ್ತು ಹಾಕುತ್ತದೆ, ಕೆಳಗಿನ ಹಸಿ ತಾಮ್ರ ಸವೆಯುತ್ತಾ ಹೋಗುತ್ತದೆ. ಒಳಅಂಚು ಕೆರೆಯುವ ರೀಮರ್ ಹಾಕಿ ಎರಡು ಸುತ್ತು ತಿರುಗಿಸಿದ್ದರೆ ಆಗುತ್ತಿತ್ತು, ಅರ್ಧ ನಿಮಿಷದ ಕೆಲಸ.

ನೀರಿನ ವೇಗವೂ ಇದರಲ್ಲಿ ಪಾಲುದಾರ. ತಾಮ್ರದಲ್ಲಿ ತಣ್ಣೀರು ಸೆಕೆಂಡಿಗೆ ಸುಮಾರು 2.4 ಮೀಟರ್, ಬಿಸಿನೀರು 1.5 ಮೀಟರ್ ದಾಟಬಾರದು ಅಂತ ಹೇಳುತ್ತಾರೆ. ಪ್ರೆಶರ್ ಪಂಪ್ ಇಟ್ಟುಕೊಂಡು ಸಣ್ಣ ಪೈಪಿನಲ್ಲಿ ಎರಡು ಬಚ್ಚಲಿಗೆ ನೀರು ತಳ್ಳಿದರೆ ಈ ಮಿತಿ ದಾಟುವುದು ದೊಡ್ಡ ಮಾತಲ್ಲ. ಬಿಸಿನೀರು ಸದಾ ಸುತ್ತುತ್ತಲೇ ಇರುವ ಲೂಪ್ ಇರುವ ಮನೆಗಳಲ್ಲಂತೂ ಇದನ್ನು ಲೆಕ್ಕ ಹಾಕಿಸಲೇಬೇಕು.

ಆದರೆ ತಾಮ್ರದ ನಿಜವಾದ ವೈರಿ ನೀರಿನ ಗುಣ. ಪಿಎಚ್ 6.5ಕ್ಕಿಂತ ಕೆಳಗಿರುವ ನೀರು, ಅಂದರೆ ಸ್ವಲ್ಪ ಹುಳಿ ಕಡೆಗೆ ವಾಲಿದ ನೀರು, ತಾಮ್ರವನ್ನು ನಿಧಾನಕ್ಕೆ ತಿನ್ನುತ್ತದೆ. ಕೆಲವು ಬಾವಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಕರಗಿರುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ. ಮಳೆ ನೀರೂ ಅಷ್ಟೇ, ಅದರಲ್ಲಿ ಖನಿಜ ಕಡಿಮೆ, ಹುಳಿ ಗುಣ ಸ್ವಲ್ಪ ಇರುತ್ತದೆ. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನಂತೂ ತಾಮ್ರದ ಪೈಪಿನಲ್ಲಿ ಒಯ್ಯಲೇಬಾರದು. ಖನಿಜವೆಲ್ಲ ಕಳೆದುಕೊಂಡ ಆ ನೀರು ಸಿಕ್ಕಿದ ಲೋಹವನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೇ ಆ ಯಂತ್ರದ ಜೊತೆ ಪ್ಲಾಸ್ಟಿಕ್ ಕೊಳವೆ ಬರುವುದು.

ಬಚ್ಚಲಿನ ಬಿಳಿ ಸಿಂಕ್ ಮೇಲೆ ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ನೀಲಿ ಹಸಿರು ಕಲೆ ಬಿದ್ದಿದ್ದರೆ ತಾಮ್ರ ಕರಗುತ್ತಿದೆ ಅಂತ ಅರ್ಥ. ಬೆಳಗ್ಗೆ ಮೊದಲ ಲೋಟ ನೀರಿಗೆ ಲೋಹದ ರುಚಿ ಬಂದರೂ ಅದೇ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ. ಅಮೆರಿಕದಲ್ಲಿ 1.3 ಮಿಲಿಗ್ರಾಂ ದಾಟಿದರೆ ಕ್ರಮ ತೆಗೆದುಕೊಳ್ಳಬೇಕು ಅನ್ನುವ ನಿಯಮ ಇದೆ. ಸಾಮಾನ್ಯ ನೀರಿದ್ದರೆ ಇದರ ಹತ್ತಿರಕ್ಕೂ ಹೋಗುವುದಿಲ್ಲ, ಆದರೆ ಹುಳಿ ನೀರು ಇಡೀ ರಾತ್ರಿ ಪೈಪಿನಲ್ಲಿ ನಿಂತರೆ ಹೋಗಬಹುದು. ಎಳೇ ಮಗುವಿಗೆ ಪುಡಿ ಹಾಲು ಕಲಸುವ ಮನೆಯಲ್ಲಿ ನಿಂತ ನೀರು ಬಿಟ್ಟು, ನಲ್ಲಿ ಸ್ವಲ್ಪ ಹೊತ್ತು ಹರಿಸಿ, ತಣ್ಣೀರೇ ಹಿಡಿದು ಕಾಯಿಸಬೇಕು.

ಆದ್ದರಿಂದ ಪೈಪಿನ ಅಂಗಡಿಗೆ ಹೋಗುವ ಮುಂಚೆ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ. ಪಿಎಚ್, ಗಡಸುತನ, ಕ್ಲೋರಿನ್ ಇಷ್ಟು ಗೊತ್ತಾದರೂ ಸಾಕು. ಪೈಪಿನ ಖರ್ಚಿನ ಮುಂದೆ ಆ ಪರೀಕ್ಷೆಯ ಖರ್ಚು ಲೆಕ್ಕಕ್ಕೇ ಇಲ್ಲ. ಆದರೂ ನನಗೆ ಸಲಹೆ ಕೊಟ್ಟವರಲ್ಲಿ ಒಬ್ಬರೂ ನಿಮ್ಮ ನೀರು ಎಂಥದ್ದು ಅಂತ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಬಜೆಟ್ ಎಷ್ಟು ಅಂತ!

ತಾಮ್ರದ ಬೆಸುಗೆ ನೋಡಲು ಮಾತ್ರ ಖುಷಿ, ಕೈ ಪಳಗಿದವರು ಮಾಡುವಾಗ. ಪೈಪಿನ ತುದಿಯನ್ನೂ ಫಿಟ್ಟಿಂಗ್‌ನ ಒಳಮೈಯನ್ನೂ ಹೊಳಪು ಬರುವ ತನಕ ಉಜ್ಜಬೇಕು. ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಎಂಬ ಲೇಪವನ್ನು ತೆಳ್ಳಗೆ ಹಚ್ಚಬೇಕು. ಬೆಂಕಿ ಹಿಡಿಯಬೇಕಾದದ್ದು ಫಿಟ್ಟಿಂಗ್‌ಗೆ, ಬೆಸುಗೆಗೆ ಕರಗಿಸುವ ಸಾಲ್ಡರ್ ತಂತಿಗಲ್ಲ. ಫಿಟ್ಟಿಂಗ್ ಸಾಕಷ್ಟು ಬಿಸಿಯಾದ ಮೇಲೆ ಬೆಂಕಿಯ ಎದುರು ಬದಿಯಿಂದ ತಂತಿ ತಾಗಿಸಿದರೆ, ಅದು ಸರಕ್ಕನೆ ಕರಗಿ ಆ ಕೂದಲೆಳೆಯ ಸಂದಿಯೊಳಗೆ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ, ಮೇಲ್ಮುಖವಾಗಿ ಇದ್ದರೂ ಹೋಗುತ್ತದೆ. ಸುತ್ತಲೂ ಬೆಳ್ಳಿಯ ಬಣ್ಣದ ಒಂದು ಗೆರೆ ಕಂಡರೆ ಜಾಯಿಂಟ್ ತುಂಬಿತು ಅಂತ. ಆಮೇಲೆ ಒದ್ದೆ ಬಟ್ಟೆಯಲ್ಲಿ ಮಿಕ್ಕ ಫ್ಲಕ್ಸ್ ಒರೆಸಬೇಕು. ಇದನ್ನು ಬಿಟ್ಟುಬಿಡುವವರು ಬಹಳ. ಫ್ಲಕ್ಸ್ ಆಮ್ಲ ಗುಣದ್ದು. ಪೈಪಿನೊಳಗೆ ಜಾಸ್ತಿ ಇಳಿದು ಹಾಗೇ ಉಳಿದರೆ ಅಲ್ಲಿಂದಲೇ ತಾಮ್ರ ತೂತಾಗಲು ಶುರುವಾಗುತ್ತದೆ. ಹಾಗೇ, ಪೈಪಿನಲ್ಲಿ ಒಂದು ಹನಿ ನೀರು ಉಳಿದಿದ್ದರೂ ಅದು ಆವಿಯಾಗುತ್ತಾ ಬಿಸಿಯನ್ನೆಲ್ಲ ತಾನೇ ತಿಂದುಬಿಡುತ್ತದೆ, ಸಾಲ್ಡರ್ ಹಿಡಿಯುವುದಿಲ್ಲ.

ಸಾಲ್ಡರ್ ಸೀಸ ಇಲ್ಲದ್ದೇ ಆಗಿರಬೇಕು. ಇದರಲ್ಲಿ ಚೌಕಾಸಿ ಇಲ್ಲ. ಹಿಂದೆ ಅರ್ಧಕ್ಕರ್ಧ ಸೀಸ ಇದ್ದ ಸಾಲ್ಡರ್ ಬಳಸುತ್ತಿದ್ದರು, ಅಮೆರಿಕ ಕುಡಿಯುವ ನೀರಿನ ಪೈಪುಗಳಿಗೆ ಅದನ್ನು 1986ರಲ್ಲಿ ನಿಷೇಧಿಸಿತು. ಈಗ ತವರದ ಜೊತೆ ಸ್ವಲ್ಪ ತಾಮ್ರ, ಬೆಳ್ಳಿ ಅಥವಾ ಆಂಟಿಮನಿ ಸೇರಿಸಿದ ತಂತಿ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸದ ಸಾಲ್ಡರ್ ಸುರುಳಿ ಕೈಗೆ ಸಿಕ್ಕಿತು ಅಂತ ಯಾರಾದರೂ ಅದನ್ನೇ ತಂದರೆ ವಾಪಸ್ ಕಳಿಸಿ. ಹಳೇ ಮನೆಯಲ್ಲಿ ಎಂಬತ್ತರ ದಶಕದ ತಾಮ್ರದ ಪೈಪು ಹಾಗೇ ಉಳಿಸಿಕೊಳ್ಳುವ ಯೋಚನೆ ಇದ್ದರೆ ನೀರಿನಲ್ಲಿ ಸೀಸ ಇದೆಯಾ ಅಂತ ಒಮ್ಮೆ ನೋಡಿಸಿ. ಪೈಪು ಗಟ್ಟಿಯಾಗಿದೆ ಅಂತ ಜಾಯಿಂಟ್ ಸುರಕ್ಷಿತ ಅಂತೇನಿಲ್ಲ.

ಇನ್ನೊಂದು ಮಾತು. ತಾಮ್ರವನ್ನು ಹಳೇ ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ನೇರವಾಗಿ ಸಿಕ್ಕಿಸಿದರೆ ಎರಡು ಲೋಹಗಳ ನಡುವೆ ಬ್ಯಾಟರಿ ಕೆಲಸ ಶುರುವಾಗಿ ಜಿಐ ಪೈಪು ಬೇಗ ತುಕ್ಕು ಹಿಡಿಯುತ್ತದೆ. ನಡುವೆ ಹಿತ್ತಾಳೆಯ ಫಿಟ್ಟಿಂಗ್ ಅಥವಾ ವಿದ್ಯುತ್ ಹಾಯದ ಯೂನಿಯನ್ (ಬಿಚ್ಚಿ ಜೋಡಿಸುವ ಫಿಟ್ಟಿಂಗ್) ಬೇಕು. ನೀರು ಮೊದಲು ತಾಮ್ರದಲ್ಲಿ ಹರಿದು ಆಮೇಲೆ ಜಿಐಗೆ ಹೋದರೆ ಇನ್ನೂ ಕೆಟ್ಟದ್ದು, ಕರಗಿದ ತಾಮ್ರ ಹೋಗಿ ಸತುವಿನ ಮೇಲೆ ಕೂರುತ್ತದೆ.

ತಾಮ್ರದ ಪಕ್ಷದವರು ಈಜಿಪ್ಟಿನ ಕಥೆ ಹೇಳುವುದುಂಟು. ಅಬುಸಿರ್‌ನಲ್ಲಿ ಸಾಹುರೆ ಎಂಬ ರಾಜನ ಸಮಾಧಿ ದೇವಾಲಯದಲ್ಲಿ ಸುಮಾರು 4,500 ವರ್ಷ ಹಳೆಯ ತಾಮ್ರದ ಕೊಳವೆಗಳು ಸಿಕ್ಕಿವೆ, ನಿಜ. ಆದರೆ ಅದರಲ್ಲಿ ಪ್ರೆಶರ್ ಪಂಪಿನ ನೀರು ಹರಿಯುತ್ತಿರಲಿಲ್ಲ ಅಲ್ವಾ?

ಈಗ ಬಿಸಿಯ ಲೆಕ್ಕ. ಪ್ಲಾಸ್ಟಿಕ್ಕಿನ ಅರ್ಧ ತೊಂದರೆ ಇಲ್ಲೇ ಇರುವುದು. ಬಿಸಿಯಾದರೆ ಎಲ್ಲ ಪೈಪೂ ಉದ್ದ ಆಗುತ್ತದೆ, ಎಷ್ಟು ಅನ್ನುವುದೇ ಪ್ರಶ್ನೆ. 10 ಮೀಟರ್ ಪೈಪು 20 ಡಿಗ್ರಿಯಿಂದ 70 ಡಿಗ್ರಿಗೆ ಏರಿತು ಅಂದುಕೊಳ್ಳಿ. ತಾಮ್ರ ಸುಮಾರು 8.5 ಮಿ.ಮೀ. ಬೆಳೆಯುತ್ತದೆ. ಸಿಪಿವಿಸಿ ಸುಮಾರು 33 ಮಿ.ಮೀ. ಸಾದಾ ಪಿಪಿಆರ್ ಸುಮಾರು 75 ಮಿ.ಮೀ.! ಒಳಗೆ ಗಾಜಿನ ನಾರು ಅಥವಾ ಅಲ್ಯೂಮಿನಿಯಂ ಪದರ ಇರುವ ಪೈಪಾದರೆ ಇದು ಬಹಳ ಕಡಿಮೆಯಾಗುತ್ತದೆ. ಗಾರೆಯೊಳಗೆ ಹೂತ ಪಿಪಿಆರ್ ಅಲುಗಾಡಲು ಜಾಗ ಇಲ್ಲದೆ ಆ ಒತ್ತಡವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ, ಅಲ್ಲಿ ಭಯ ಇಲ್ಲ. ಗೋಡೆಯ ಹೊರಗೆ, ಚಾವಣಿಯ ಕೆಳಗೆ ಉದ್ದಕ್ಕೆ ಹೋಗುವ ಬಿಸಿನೀರಿನ ಪೈಪು ಹಾವಿನ ಹಾಗೆ ಡೊಂಕಾಗುವುದು ಹೀಗೆ ಉದ್ದ ಬೆಳೆಯುವುದರಿಂದಲೇ. ಕ್ಲಾಂಪುಗಳನ್ನು ಬಿಗಿಯಾಗಿ ಹೊಡೆದರೆ ಡೊಂಕು ನಿಲ್ಲುವುದಿಲ್ಲ, ಆ ಒತ್ತಡ ಹೋಗಿ ಎಲ್ಬೋ ಮೇಲೆ ಬೀಳುತ್ತದೆ. ಕೆಲವು ಕಡೆ ಮಾತ್ರ ಬಿಗಿ ಹಿಡಿದು ಉಳಿದ ಕಡೆ ಪೈಪು ಜಾರುವಂತೆ ಸಡಿಲ ಬಿಡಬೇಕು, ಉದ್ದ ಜಾಸ್ತಿ ಇದ್ದರೆ ಒಂದು ಲೂಪ್ ಕೊಡಬೇಕು.

ಬಿಸಿ ಏರಿದಂತೆ ಪ್ಲಾಸ್ಟಿಕ್ಕಿನ ತಾಕತ್ತೂ ಇಳಿಯುತ್ತದೆ. ಎಸ್‌ಡಿಆರ್ 11 ದರ್ಜೆಯ (ಗೋಡೆಯ ದಪ್ಪ ಹೊರವ್ಯಾಸದ ಹನ್ನೊಂದನೇ ಒಂದು ಭಾಗ ಇರುವ) ಸಿಪಿವಿಸಿ ಪೈಪು 23 ಡಿಗ್ರಿಯಲ್ಲಿ ಸುಮಾರು 27 ಬಾರ್ ಒತ್ತಡ ತಡೆದರೆ, 82 ಡಿಗ್ರಿಯಲ್ಲಿ ಸುಮಾರು 7 ಬಾರ್ ಮಾತ್ರ. ಅಂದರೆ ಕಾಲು ಭಾಗ. ಮನೆಯ ಬಳಕೆಗೆ ಅಷ್ಟೂ ಸಾಕು, ಆದರೆ ಗೀಸರಿನ ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯಲು ಶುರುವಾದರೆ ಆ ಲೆಕ್ಕ ನಡೆಯುವುದಿಲ್ಲ. ಗೀಸರಿನ ಬಾಯಿಗೇ ನೇರವಾಗಿ ಪ್ಲಾಸ್ಟಿಕ್ ಪೈಪು ಸಿಕ್ಕಿಸುವುದು ನನಗೆ ಸರಿ ಕಾಣುವುದಿಲ್ಲ. ಗ್ಯಾಸ್ ಗೀಸರ್ ಆದರೆ ಮೊದಲ 45 ಸೆಂ.ಮೀ. ಆದರೂ ಲೋಹದ ಪೈಪು ಇರಬೇಕು ಅನ್ನುವ ನಿಯಮ ಹಲವು ಕಡೆ ಇದೆ. ಸೋಲಾರ್ ಪ್ಯಾನೆಲ್‌ನಿಂದ ಟ್ಯಾಂಕಿಗೆ ಬರುವ ಸಾಲಿನಲ್ಲಂತೂ ಪ್ಲಾಸ್ಟಿಕ್ ಬೇಡವೇ ಬೇಡ. ಬಿಸಿಲು ಜೋರಿದ್ದು ನೀರು ಯಾರೂ ಬಳಸದ ದಿನ ಅಲ್ಲಿ ಉಷ್ಣತೆ 100 ಡಿಗ್ರಿ ದಾಟಬಹುದು. ಆ ಜಾಗಕ್ಕೆ ತಾಮ್ರವೇ ಸರಿ.

ಬಿಸಿನೀರು ತಾಮ್ರದಲ್ಲಿ ಬೇಗ ಆರುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಬಿಸಿ ಉಳಿಯುತ್ತದೆ ಅಂತ ಮಾರುವವರು ದೊಡ್ಡದಾಗಿ ಹೇಳುತ್ತಾರೆ. ತಾಮ್ರ ಪ್ಲಾಸ್ಟಿಕ್ಕಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಶಾಖ ಹಾಯಿಸುತ್ತದೆ, ಅದು ನಿಜ. ಆದರೆ ಪೈಪಿನ ಗೋಡೆ ಕೆಲವೇ ಮಿ.ಮೀ. ದಪ್ಪ ಅಷ್ಟೇ. ಬಿಸಿ ಹೊರಗೆ ಹೋಗುವುದನ್ನು ಜಾಸ್ತಿ ತಡೆಯುವುದು ಪೈಪಿನ ಸುತ್ತ ನಿಂತಿರುವ ಗಾಳಿ. ಹಾಗಾಗಿ ವ್ಯತ್ಯಾಸ ಇದೆ, ಆ ಅಂಕಿ ಹೆದರಿಸುವಷ್ಟು ಇಲ್ಲ. ಯಾವ ಪೈಪು ಹಾಕಿದರೂ ಬಿಸಿನೀರಿನ ಸಾಲಿಗೆ ಫೋಮ್ ತೋಳು ತೊಡಿಸಿ, ವಾದ ಅಲ್ಲಿಗೆ ಮುಗಿಯುತ್ತದೆ.

ಪ್ಲಾಸ್ಟಿಕ್ಕಿನ ಜಾಯಿಂಟುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪಿಪಿಆರ್. ಮೆಷಿನ್ 260 ಡಿಗ್ರಿಗೆ ಕಾಯುತ್ತದೆ. ಅದರ ಒಂದು ಬದಿಗೆ ಪೈಪು, ಇನ್ನೊಂದು ಬದಿಗೆ ಫಿಟ್ಟಿಂಗ್, ಎರಡನ್ನೂ ಒಟ್ಟಿಗೆ ತೂರಿಸಬೇಕು. 20 ಮಿ.ಮೀ. ಪೈಪಿಗೆ 5 ಸೆಕೆಂಡ್, 25ಕ್ಕೆ 7 ಸೆಕೆಂಡ್, 32ಕ್ಕೆ 8. ತೆಗೆದ ಕೂಡಲೇ ತಿರುಚದೆ ನೇರವಾಗಿ ಒಂದರೊಳಗೆ ಒಂದನ್ನು ತಳ್ಳಿ ಹಿಡಿದುಕೊಳ್ಳಬೇಕು. ತಣ್ಣಗಾದ ಮೇಲೆ ಎರಡು ತುಂಡು ಅಂತ ಹೇಳುವ ಹಾಗೇ ಇಲ್ಲ, ಒಂದೇ ಪ್ಲಾಸ್ಟಿಕ್. ಇಷ್ಟು ಸುಲಭ ಅನಿಸಿದರೂ ಕೆಡಿಸುವ ದಾರಿ ಇದೆ. ಗಡಿಬಿಡಿಯಲ್ಲಿ ಜಾಸ್ತಿ ಹೊತ್ತು ಕಾಯಿಸಿದರೆ, ಅಥವಾ ಗುರುತು ಹಾಕಿದ್ದಕ್ಕಿಂತ ಆಳಕ್ಕೆ ತಳ್ಳಿದರೆ, ಕರಗಿದ ಪ್ಲಾಸ್ಟಿಕ್ ಒಳಗಡೆ ಉಂಗುರವಾಗಿ ಉಬ್ಬಿ ನೀರಿನ ದಾರಿಯನ್ನೇ ಕಿರಿದು ಮಾಡುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ, ಸೋರುವುದೂ ಇಲ್ಲ, ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಅಷ್ಟೇ. ಕೆಲಸ ಶುರುವಾಗುವ ಮುಂಚೆ ಒಂದು ಜಾಯಿಂಟ್ ಹಾಕಿಸಿ ಗರಗಸದಲ್ಲಿ ಸೀಳಿಸಿ ನೋಡಿದೆ. ಒಳಗಿನ ಉಬ್ಬು ತೆಳ್ಳಗೆ, ಸುತ್ತಲೂ ಒಂದೇ ಸಮ ಇತ್ತು. ಅದನ್ನು ನೋಡಿದ ಮೇಲೆಯೇ ಸರಿ, ನೀವೇ ಮಾಡಿ ಅಂದಿದ್ದು. ಕೆಲಸದವರಿಗೆ ಮೊದಲು ಸ್ವಲ್ಪ ಇರಿಸುಮುರಿಸು ಆಯಿತು, ಆಮೇಲೆ ಅವರೇ ಆ ತುಂಡನ್ನು ಹೊಸ ಹುಡುಗನಿಗೆ ತೋರಿಸಲು ಬೇಕು ಅಂತ ತೆಗೆದುಕೊಂಡು ಹೋದರು.

ಸಿಪಿವಿಸಿ ಜಾಯಿಂಟ್‌ಗೆ ಮೆಷಿನ್ ಬೇಡ, ತಾಳ್ಮೆ ಬೇಕು. ಸಿಮೆಂಟ್ ಹಚ್ಚಿ ಕಾಲು ಸುತ್ತು ತಿರುಗಿಸಿ ತಳ್ಳಿ, ಹಿಂದಕ್ಕೆ ಜಾರದ ಹಾಗೆ ಹಿಡಿದಿರಬೇಕು. ಆಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು, ಚಳಿ ಇದ್ದರೆ ಇನ್ನೂ ಜಾಸ್ತಿ. ಸಂಜೆ ಅಂಟಿಸಿ ರಾತ್ರಿಯೇ ನೀರು ಬಿಡಿ ಅನ್ನುವ ಅವಸರವೇ ಇದನ್ನು ಕೆಡಿಸುವುದು. ಸಿಪಿವಿಸಿಗೆ ಇನ್ನೊಂದು ಕಾಯಿಲೆ ಇದೆ. ಕೆಲವು ಎಣ್ಣೆ, ಕೆಲವು ಗ್ರೀಸ್, ಮೆದು ಪ್ಲಾಸ್ಟಿಕ್ಕಿನಲ್ಲಿರುವ ಕೆಲವು ರಾಸಾಯನಿಕ ತಾಗಿದರೆ ಒತ್ತಡದಲ್ಲಿರುವ ಪೈಪು ಕಾಲಕ್ರಮೇಣ ಬಿರುಕು ಬಿಡುತ್ತದೆ. ಪೈಪಿಗೆ ಒರಗಿಸಿ ವಿದ್ಯುತ್ ವೈರ್ ಎಳೆಯುವುದು, ಸಿಕ್ಕ ಸಿಕ್ಕ ಫೋಮ್ ಹೊಡೆಯುವುದು, ಗೋಡೆ ಸಂದಿಗೆ ಕೀಟನಾಶಕ ಎರಚುವುದು, ಇವೆಲ್ಲ ಮಾಡುವ ಮುಂಚೆ ಪೈಪಿಗೆ ಹೊಂದುತ್ತದಾ ಅಂತ ನೋಡಬೇಕು.

ಪೆಕ್ಸ್‌ನ ದೊಡ್ಡ ಲಾಭ ಜಾಯಿಂಟೇ ಕಡಿಮೆ. ನೀರನ್ನು ಹಲವು ಕವಲಿಗೆ ಹಂಚುವ ಒಂದು ಮ್ಯಾನಿಫೋಲ್ಡ್ ಇಟ್ಟು ಅಲ್ಲಿಂದ ಪ್ರತಿ ನಲ್ಲಿಗೂ ಒಂದೊಂದು ಅಖಂಡ ಪೈಪು ಎಳೆದರೆ ಗೋಡೆಯೊಳಗೆ ಒಂದೂ ಜಾಯಿಂಟ್ ಇರುವುದಿಲ್ಲ. ನೀರು ಹೆಪ್ಪುಗಟ್ಟುವ ಚಳಿಯ ಊರುಗಳಲ್ಲಿ ಇದು ಇನ್ನೂ ಒಳ್ಳೆಯದು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ತಾಮ್ರ ಸೀಳುತ್ತದೆ, ಪೆಕ್ಸ್ ಸಾಮಾನ್ಯವಾಗಿ ಹಿಗ್ಗಿ ತಡೆದುಕೊಳ್ಳುತ್ತದೆ. ನಲ್ಲಿ ಥಟ್ಟನೆ ನಿಲ್ಲಿಸಿದಾಗ ಬರುವ ಡಬ್ ಎಂಬ ಸದ್ದೂ ಕಡಿಮೆ. ಆದರೆ ಇದಕ್ಕೆ ಬಿಸಿಲು ಆಗದು, ಇಲಿಗಳಿಗೆ ಇದು ಕಚ್ಚಲು ಸಲೀಸು, ಮತ್ತೆ ಅಗ್ಗದ ಹಿತ್ತಾಳೆ ಫಿಟ್ಟಿಂಗ್ ಹಾಕಿದರೆ ಕೆಲವು ನೀರಿನಲ್ಲಿ ಅದರೊಳಗಿನ ಸತು ಕರಗಿ ಫಿಟ್ಟಿಂಗ್ ಟೊಳ್ಳಾಗುತ್ತದೆ. ಪೈಪು ಚೆನ್ನಾಗಿಯೇ ಇರುತ್ತದೆ, ಕೈಕೊಡುವುದು ಫಿಟ್ಟಿಂಗ್.

ಹೀಗೆ ಪೈಪಿಗಿಂತ ಫಿಟ್ಟಿಂಗ್ ಮೊದಲು ಸೋತ ಕಥೆಯಲ್ಲಿ ಪಾಲಿಬ್ಯುಟಿಲೀನ್ ಪೈಪಿನದ್ದು ದೊಡ್ಡ ಹೆಸರು. ಅಮೆರಿಕದಲ್ಲಿ ಸುಮಾರು 1978ರಿಂದ 1995ರವರೆಗೆ ಲಕ್ಷಾಂತರ ಮನೆಗಳಿಗೆ ಈ ಬೂದು ಬಣ್ಣದ ಪೈಪು ಹಾಕಿದರು. ಅಗ್ಗ, ಬಳುಕುತ್ತದೆ, ಕೆಲಸ ಬೇಗ. ನೀರಿನಲ್ಲಿದ್ದ ಕ್ಲೋರಿನ್ ಅದರ ಪ್ಲಾಸ್ಟಿಕ್ ಫಿಟ್ಟಿಂಗುಗಳನ್ನೂ ಪೈಪನ್ನೂ ಒಳಗಿನಿಂದಲೇ ಗರಿಗರಿ ಮಾಡಿ ಬಿರುಕು ಬಿಡಿಸಿತು. ಮನೆಯವರು ಹೂಡಿದ ಮೊಕದ್ದಮೆ 1995ರಲ್ಲಿ ಸುಮಾರು 95 ಕೋಟಿ ಡಾಲರ್ ಒಪ್ಪಂದಕ್ಕೆ ಬಂದು ನಿಂತಿತು. ಈಗಿನ ಪೈಪುಗಳು ಆ ಪಾಠ ಕಲಿತು, ಕ್ಲೋರಿನ್ ಪರೀಕ್ಷೆ ದಾಟಿ ಬಂದವು. ಆದರೂ ಹೆಸರಿಲ್ಲದ, ಮೈಮೇಲೆ ದರ್ಜೆ, ಒತ್ತಡ, ಉಷ್ಣತೆ, ತಯಾರಿಸಿದ ದಿನ ಏನೂ ಅಚ್ಚಾಗಿರದ ಪೈಪನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ. ಪಿಪಿಆರ್‌ಗೆ ಐಎಸ್ಒ 15874, ಪೆಕ್ಸ್‌ಗೆ 15875, ಸಿಪಿವಿಸಿಗೆ 15877 ಅಂತ ಮಾನದಂಡಗಳಿವೆ. ಇವು ಅಥವಾ ನಿಮ್ಮ ದೇಶದ ಸಮಾನ ಗುರುತು ಪೈಪಿನ ಮೇಲೆ ಇರಬೇಕು. ಅಂಗಡಿಯಲ್ಲಿ ಬಿಸಿಲಿಗೆ ಒಡ್ಡಿಟ್ಟ ಕಟ್ಟಿನಿಂದ ಎಳೆದು ಕೊಟ್ಟರೆ ಅದೂ ಬೇಡ. ಅದರ ಆಯುಷ್ಯದಲ್ಲಿ ಒಂದಷ್ಟನ್ನು ಬಿಸಿಲು ಆಗಲೇ ತಿಂದಿರುತ್ತದೆ.

ಪ್ಲಾಸ್ಟಿಕ್ ನೀರಿಗೆ ಏನಾದರೂ ಬಿಡುತ್ತದಾ? ಹೊಸದರಲ್ಲಿ ಸ್ವಲ್ಪ ವಾಸನೆ, ರುಚಿ ಬರಬಹುದು, ಹರಿಸುತ್ತಾ ಹೋದರೆ ಕಡಿಮೆಯಾಗುತ್ತದೆ. ಕುಡಿಯುವ ನೀರಿಗೆ ಅಂತ ಪರೀಕ್ಷೆಯಾದ ಪೈಪು ಹಾಕಿಸುವುದು ಇದಕ್ಕೇ. ನಿಜಕ್ಕೂ ಗಮನಿಸಬೇಕಾದ ಸಂಗತಿ ಬೇರೆ ಇದೆ. ಪೆಟ್ರೋಲ್, ಥಿನ್ನರ್ ಚೆಲ್ಲಿದ ಮಣ್ಣಿನಲ್ಲಿ ಪಾಲಿಎಥಿಲೀನ್ ಜಾತಿಯ ಪೈಪು ಹೂತರೆ ಆ ರಾಸಾಯನಿಕಗಳು ಪೈಪಿನ ಗೋಡೆಯನ್ನೇ ದಾಟಿ ನೀರಿಗೆ ಬರಬಲ್ಲವು. ಹತ್ತಿರದಲ್ಲಿ ಗ್ಯಾರೇಜು, ಹಳೇ ಪೆಟ್ರೋಲ್ ಬಂಕ್ ಇದ್ದರೆ ನೆಲದೊಳಗಿನ ಸಾಲಿಗೆ ಲೋಹವೇ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ 2017 ಮತ್ತು 2018ರ ಕಾಳ್ಗಿಚ್ಚುಗಳ ನಂತರ ಊರಿನ ನೀರಿನ ಸಾಲುಗಳಲ್ಲಿ ಬೆಂಜೀನ್ ಕಂಡುಬಂತು, ಸುಟ್ಟ ಪ್ಲಾಸ್ಟಿಕ್ ಪೈಪುಗಳೂ ಅದಕ್ಕೆ ಒಂದು ಕಾರಣ ಇರಬಹುದು ಅಂತ ತಜ್ಞರು ಹೇಳಿದರು.

ಅಳತೆಯಲ್ಲಿ ಒಂದು ಮೋಸ ಇದೆ. ಯಾರೂ ಬೇಕು ಅಂತ ಮಾಡಿದ್ದಲ್ಲ. ಪಿಪಿಆರ್ ಪೈಪಿನ ಅಳತೆ ಹೊರಗಿನ ವ್ಯಾಸದ್ದು, ಗೋಡೆ ದಪ್ಪ. 22 ಮಿ.ಮೀ. ತಾಮ್ರದ ಪೈಪು, ಗೋಡೆ 0.9 ಮಿ.ಮೀ. ಇದ್ದರೆ, ಒಳಗೆ 20.2 ಮಿ.ಮೀ. ಇರುತ್ತದೆ. ಅದರ ಜಾಗಕ್ಕೆ 25 ಮಿ.ಮೀ. ಪಿಪಿಆರ್ ತಂದರೆ ದೊಡ್ಡದೇ ತಂದೆವು ಅನಿಸುತ್ತದೆ. ಆದರೆ ಬಿಸಿನೀರಿಗೆ ಬಳಸುವ ಪಿಎನ್ 20 ಎಂಬ ಒತ್ತಡದ ದರ್ಜೆಯಲ್ಲಿ ಅದರ ಒಳವ್ಯಾಸ 16.6 ಮಿ.ಮೀ. ಅಷ್ಟೇ. ನೀರು ಹರಿಯುವ ಜಾಗ ಸುಮಾರು ಮೂರನೇ ಒಂದು ಭಾಗ ಕಮ್ಮಿ! ಪೈಪು ಬದಲಾಯಿಸಿದ ಮೇಲೆ ಶವರ್‌ನಲ್ಲಿ ಜೋರೇ ಇಲ್ಲ ಅಂತ ದೂರುವವರ ಮನೆಯಲ್ಲಿ ಇದನ್ನೊಮ್ಮೆ ಅಳೆದು ನೋಡಬೇಕು. ಸರಿಸಮ ಬೇಕಾದರೆ 32 ಮಿ.ಮೀ. ತರಬೇಕು, ಅದರ ಒಳವ್ಯಾಸ 21.2. ಪೆಕ್ಸ್‌ನಲ್ಲಿ ಫಿಟ್ಟಿಂಗ್ ಪೈಪಿನ ಒಳಗೆ ಕೂರುವುದರಿಂದ ಪ್ರತಿ ಜಾಯಿಂಟ್‌ನಲ್ಲೂ ದಾರಿ ಇನ್ನಷ್ಟು ಕಿರಿದು.

ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಹಳೇ ಮನೆಗಳಲ್ಲಿ ಲೋಹದ ನೀರಿನ ಪೈಪಿಗೇ ಅರ್ಥಿಂಗ್ ತಂತಿ ಕಟ್ಟಿರುವುದುಂಟು. ಅದರ ನಡುವೆ ಒಂದು ಮೀಟರ್ ಪ್ಲಾಸ್ಟಿಕ್ ಹಾಕಿದರೂ ಆ ಅರ್ಥಿಂಗ್ ಕಡಿದುಹೋಗುತ್ತದೆ. ನೀರು ಚೆನ್ನಾಗಿಯೇ ಬರುತ್ತಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಗೀಸರಿನಲ್ಲಿ ಕರೆಂಟು ಸೋರಿದ ದಿನ ಗೊತ್ತಾಗುತ್ತದೆ. ಪೈಪು ಕತ್ತರಿಸುವ ಮುಂಚೆ ಎಲೆಕ್ಟ್ರಿಷಿಯನ್ ಬಂದು ನೋಡಲೇಬೇಕು. ನಮ್ಮಲ್ಲಿ ಪ್ಲಂಬರ್‌ಗಿಂತ ಒಂದು ದಿನ ಮುಂಚೆ ಅವರನ್ನೇ ಕರೆಸಿದ್ದೆವು.

ಕೊನೆಗೆ ನಾವು ಮಾಡಿಸಿದ್ದು ಬೆರಕೆ. ನೀರಿನ ಪಿಎಚ್ ಸ್ವಲ್ಪ ಕಡಿಮೆ ಅಂತ ವರದಿ ಬಂತು, ಹಾಗಾಗಿ ಗೋಡೆಯೊಳಗಿನ ಉದ್ದ ಸಾಲುಗಳಿಗೆ ತಾಮ್ರ ಬೇಡ ಅಂದೆವು. ಅಲ್ಲೆಲ್ಲ ಪಿಪಿಆರ್, ಬಿಸಿನೀರಿನ ಕಡೆ ಗಾಜಿನ ನಾರಿನ ಪದರ ಇರುವುದು. ಗೀಸರಿನ ಹತ್ತಿರದ ತುಂಡು ಮತ್ತು ಮಾಳಿಗೆ ಮೇಲೆ ಬಿಸಿಲಿಗೆ ಬೀಳುವ ಭಾಗ ತಾಮ್ರ. ಅಲ್ಲೂ ನೀರು ಅದೇ, ತಾಮ್ರ ನಿಧಾನಕ್ಕೆ ಸವೆಯಬಹುದು, ಆದರೆ ಅದು ಕಣ್ಣಿಗೆ ಕಾಣುವ ಜಾಗ, ಗೋಡೆ ಒಡೆಯದೆ ಬದಲಾಯಿಸಬಹುದು. ಲೋಹದಿಂದ ಪ್ಲಾಸ್ಟಿಕ್ಕಿಗೆ ಹೋಗುವ ಕಡೆಯೆಲ್ಲ ಹಿತ್ತಾಳೆಯ ತಿರುಪು ಅಚ್ಚಿನಲ್ಲೇ ಕೂರಿಸಿದ ಫಿಟ್ಟಿಂಗ್ ಹಾಕಿಸಿದೆವು. ಪ್ಲಾಸ್ಟಿಕ್ ತಿರುಪಿಗೆ ಲೋಹದ ನಲ್ಲಿ ಬಿಗಿ ಮಾಡಿದರೆ ಒಂದಲ್ಲ ಒಂದು ದಿನ ಅದು ಸೀಳುತ್ತದೆ. ನಿಮ್ಮ ನೀರು ಬೇರೆ ಇದ್ದು, ತಾಮ್ರದ ಬೆಸುಗೆಯಲ್ಲಿ ಪಳಗಿದವರು ಸಿಕ್ಕಿದರೆ ನಾನು ಇಡೀ ಮನೆಗೆ ತಾಮ್ರ ಹಾಕಿಸಿ ಅಂತಲೇ ಹೇಳುತ್ತೇನೆ. ಬೆಂಕಿಯ ಭಯ ಇರುವ ಮರದ ಮನೆಯಾದರೆ ಒತ್ತಿ ಕೂರಿಸುವ ರಬ್ಬರ್ ಉಂಗುರದ ತಾಮ್ರದ ಫಿಟ್ಟಿಂಗ್ ಸಿಗುತ್ತದೆ, ಟಾರ್ಚೇ ಬೇಡ.

ಗೋಡೆ ಮುಚ್ಚುವ ಮುಂಚೆ ಒತ್ತಡದ ಪರೀಕ್ಷೆ ಮಾಡಿಸಿ. ಮಾಮೂಲಿ ಒತ್ತಡದ ಒಂದೂವರೆ ಪಟ್ಟು, ನೀರು ತುಂಬಿಸಿಯೇ. ಸಿಪಿವಿಸಿ, ಪಿವಿಸಿ ಪೈಪಿಗೆ ಗಾಳಿ ತುಂಬಿ ಪರೀಕ್ಷಿಸಲು ಬಿಡಬೇಡಿ, ಒಡೆದರೆ ಚೂರು ಸಿಡಿಯುತ್ತದೆ. ಪಿಪಿಆರ್, ಪೆಕ್ಸ್ ಹಾಕಿಸಿದವರು ಮೀಟರ್ ಮುಳ್ಳು ಮೊದಲು ಸ್ವಲ್ಪ ಇಳಿದರೆ ಗಾಬರಿ ಆಗಬೇಡಿ. ಪೈಪು ಒತ್ತಡಕ್ಕೆ ಹಿಗ್ಗುತ್ತದೆ, ಮತ್ತೆ ಪಂಪ್ ಮಾಡಿ ಒತ್ತಡ ಏರಿಸಬೇಕು. ಎರಡು ಮೂರು ಸಲ ಏರಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಆಗ ಜಾಯಿಂಟ್ ಹುಡುಕಿ. ತಾಮ್ರದಲ್ಲಿ ಹಾಗಿಲ್ಲ, ಬಿಸಿಲು ನೆರಳಿನ ವ್ಯತ್ಯಾಸ ಬಿಟ್ಟರೆ ಮುಳ್ಳು ನಿಂತಲ್ಲೇ ನಿಲ್ಲಬೇಕು.

ಪರೀಕ್ಷೆ ಮುಗಿದ ಮೇಲೆ ಪ್ರತಿ ಗೋಡೆಗೂ ಟೇಪ್ ಹಿಡಿದು, ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ ಕಾಣುವ ಹಾಗೆ ಫೋಟೋ ತೆಗೆದಿಟ್ಟಿದ್ದೇವೆ. ಫೋನ್ ಬದಲಾದಾಗ ಕಳೆದುಹೋಗುವುದು ಬೇಡ ಅಂತ ಪ್ರಿಂಟ್ ಹಾಕಿಸಿ, ಕರೆಂಟ್ ಬೋರ್ಡಿನ ಬಾಗಿಲ ಒಳಗಡೆ ಒಂದು ಕವರಿನಲ್ಲಿ ಅಂಟಿಸಿದ್ದೇವೆ. ಮೊನ್ನೆ ಬಚ್ಚಲಿನಲ್ಲಿ ಕನ್ನಡಿ ಹಾಕಲು ಡ್ರಿಲ್ ಹಿಡಿದು ಬಂದವರು ಮೊದಲು ಅದನ್ನೇ ಕೇಳಿದರು.